ದೊಡ್ಡ ಟೈರ್ ಹಾಕಿದ ಮೇಲೆ ಸೂಪರ್ ಕಬ್ ಮಾಡೆಲ್ ಮೂಗು ಊರುತ್ತಿದೆ

ಚಿತ್ತಾಪುರ:
ನನ್ನದು ರಿಮೋಟ್‌ನಿಂದ ಹಾರಿಸುವ ಪೈಪರ್ ಸೂಪರ್ ಕಬ್ ವಿಮಾನದ ಮಾಡೆಲ್, ಫೋಮ್ ಬಾಡಿ, ರೆಕ್ಕೆ 1.2 ಮೀಟರ್. ರನ್‌ವೇ ಇಲ್ಲದ ಕಡೆ ಇಳಿಸುವ ಅಲಾಸ್ಕಾದ ಬುಷ್ ಪೈಲಟ್‌ಗಳು ಹಾಕುವ ಟಂಡ್ರಾ ಟೈರ್ ಥರದ್ದೇ ದಪ್ಪ ಟೈರ್ ಹಾಕಿದೆ. ತೊಗರಿ ಕೊಯ್ದ ಹೊಲದಲ್ಲಿ ಥ್ರಾಟಲ್ ಕೊಟ್ಟ ಕೂಡಲೇ ಬಾಲ ಎದ್ದು ಮೂಗು ಎರೆಮಣ್ಣಿಗೆ ಕುತ್ತುತ್ತದೆ. ಪ್ರೊಪೆಲ್ಲರ್ ಉಳಿಯುತ್ತಿಲ್ಲ. ಕೈಯಿಂದ ಎಸೆದರೆ ಚೆನ್ನಾಗಿಯೇ ಹಾರುತ್ತದೆ. ಮೋಟಾರ್ ಪವರ್ ಜಾಸ್ತಿ ಆಯ್ತಾ?

ಶಹಾಬಾದ್:
ಬಾಲಕ್ಕೆ ಸ್ವಲ್ಪ ಸೀಸ ಅಂಟಿಸಿ ನೋಡಿ.

ಕಲಬುರಗಿ:
ಸೀಸ ಬೇಡ, ದಯವಿಟ್ಟು. ಎಸೆದಾಗ ಚೆನ್ನಾಗಿ ಹಾರುತ್ತದೆ ಅಂದರೆ ತೂಕದ ಬ್ಯಾಲೆನ್ಸ್ ಸರಿ ಇದೆ. ಬಾಲ ಭಾರವಾದರೆ ಗಾಳಿಯಲ್ಲಿ ಹಿಡಿತ ತಪ್ಪುತ್ತದೆ.

ತೊಂದರೆ ಇರುವುದು ಚಕ್ರದ ಜಾಗದಲ್ಲಿ. ಟೈರ್ ದೊಡ್ಡದಾದಾಗ ವಿಮಾನ ಎತ್ತರಕ್ಕೆ ಹೋಯಿತು, ಚಕ್ರ ಮಾತ್ರ ಮುಂದೆ ಬರಲಿಲ್ಲ. ಎರೆಮಣ್ಣು ಚಕ್ರ ಹಿಡಿದ ಕೂಡಲೇ ಮೇಲಿನ ಭಾರ ಮುಂದಕ್ಕೆ ವಾಲುತ್ತದೆ. ಹೀಗೆ ಅಳೆಯಿರಿ: ಬಾಲ ಎತ್ತಿ ವಿಮಾನವನ್ನು ಮಟ್ಟವಾಗಿ ಹಿಡಿಯಿರಿ. ಬ್ಯಾಲೆನ್ಸ್ ಬಿಂದು ನೆಲದಿಂದ 16 ಸೆಂ.ಮೀ. ಮೇಲಿದ್ದರೆ ಟೈರ್ ನೆಲ ಮುಟ್ಟುವ ಜಾಗ ಅದಕ್ಕಿಂತ 4 ಸೆಂ.ಮೀ.ಗೂ ಸ್ವಲ್ಪ ಜಾಸ್ತಿ ಮುಂದಿರಬೇಕು, ಅಂದರೆ ಸುಮಾರು 15 ಡಿಗ್ರಿ ಕೋನ. ಕಡಿಮೆ ಬಂದರೆ ಗೇರ್ ತಂತಿಯನ್ನು (ಚಕ್ರ ಹಿಡಿದಿರುವ ತಂತಿ) ಮುಂದಕ್ಕೆ ಬಗ್ಗಿಸಿ. ಎರಡೂ ಕಡೆ ಸಮ ಇರಲಿ. ನಿಜವಾದ ಸೂಪರ್ ಕಬ್‌ಗೆ ದೊಡ್ಡ ಟೈರ್ ಹಾಕುವವರೂ ಚಕ್ರ ಮುಂದೆ ಬರುವ ಹಾಗೆ ಗೇರ್ ಬದಲಿಸುವುದುಂಟು.

ಓಟ ಶುರುವಾದಾಗ ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ಪೂರ್ತಿ ಎಳೆದಿಡಿ, ಬಾಲ ಕೆಳಗೇ ಇರುತ್ತದೆ, ಥ್ರಾಟಲ್ ನಿಧಾನವಾಗಿ ಕೊಡಿ. ಹಾರಿಸುವುದು ಬೆಳಿಗ್ಗೆಯೇ ಇರಲಿ. ನಮ್ಮ ಊರು ಸುಮಾರು 1,500 ಅಡಿ ಎತ್ತರದಲ್ಲಿದೆ. 42 ಡಿಗ್ರಿ ಬಿಸಿಲಲ್ಲಿ ಇಲ್ಲಿನ ಗಾಳಿ 5,000 ಅಡಿ ಮೇಲಿನಷ್ಟು ತೆಳು. ತೆಳು ಗಾಳಿಯಲ್ಲಿ ಏಳಲು ಓಟ ಉದ್ದ ಬೇಕು. ಓಟ ಉದ್ದವಾದಷ್ಟೂ ಮಣ್ಣು ಚಕ್ರ ಹಿಡಿಯುವ ಅವಕಾಶ ಜಾಸ್ತಿ, ಅಲ್ವಾ?

ಚಿತ್ತಾಪುರ:
ಅಳೆದೆ, 2 ಸೆಂ.ಮೀ. ಮಾತ್ರ ಇತ್ತು. ತಂತಿ ಬಗ್ಗಿಸಿದ ಮೇಲೆ ಮೂಗು ಊರುವುದು ನಿಂತಿದೆ, ತುಂಬಾ ಥ್ಯಾಂಕ್ಸ್! ಆದರೆ ಈಗ ಎಡಕ್ಕೆ ಎಳೆಯುತ್ತಿದೆ.

ಕಲಬುರಗಿ:
ಬಾಲದಲ್ಲಿ ಚಕ್ರ ಇರುವ ವಿಮಾನದ ಗುಣವೇ ಅದು. ಪ್ರೊಪೆಲ್ಲರ್ ಸುತ್ತುವ ರಭಸಕ್ಕೆ ಎಡಕ್ಕೆ ಹೋಗುತ್ತದೆ, ಬಲ ರಡರ್ (ಬಾಲದ ನಿಂತ ಪಟ್ಟಿ) ಕೊಡುತ್ತಾ ಬನ್ನಿ. ತಂತಿಯನ್ನು ಇನ್ನೂ ಮುಂದೆ ತರಬೇಡಿ. ಭಾರ ಚಕ್ರದಿಂದ ಹಿಂದೆ ಸರಿದಷ್ಟೂ ಗಿರ್ರನೆ ತಿರುಗುವುದು ಜಾಸ್ತಿಯಾಗುತ್ತದೆ.

ಬೀದರ್:
ಇದನ್ನು ಓದಿ ಇಲ್ಲಿ ಹಾರಿಸಲು ಹೊರಡುವವರಿಗೆ ಒಂದು ಮಾತು. ನಮ್ಮೂರಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಜಾಗ ಆರಿಸುವ ಮೊದಲು ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಿ. ಕಲಬುರಗಿ ವಿಮಾನ ನಿಲ್ದಾಣದ ಸುತ್ತಮುತ್ತಲೂ ಅಷ್ಟೇ.