ಹಾಜ್‌ಕಿನ್ ಮನೆತನದ ಪತ್ರಗಳು: ಅಕ್ಷರ ಇದ್ದಲ್ಲೇ ತೂತು ಯಾಕೆ?

ಪ್ರಶ್ನೆ: ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ (ವೈದ್ಯಕೀಯ ಇತಿಹಾಸದ ಗ್ರಂಥಾಲಯ, ವಸ್ತುಸಂಗ್ರಹಾಲಯ) ಹಾಜ್‌ಕಿನ್ ಮನೆತನದ ಕಾಗದಪತ್ರಗಳಿವೆ (1832ರಲ್ಲಿ ಹಾಜ್‌ಕಿನ್ ಕಾಯಿಲೆ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ವಿವರಿಸಿದ ವೈದ್ಯ ಥಾಮಸ್ ಅವರ ಮನೆತನ). ಆ ಕಾಲದ ಪತ್ರಗಳಲ್ಲಿ ಬರೆದ ಗೆರೆಯೇ ತೂತಾಗುವುದೇಕೆ? ಅಂಥ ಹಳೆಯ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬಹುದಾ?

ಉತ್ತರ 1: ಲ್ಯಾಮಿನೇಷನ್ ಬೇಡವೇ ಬೇಡ, ಮತ್ತೆ ಬಿಡಿಸಲಾಗದು. ತೂತಿಗೆ ಕಾರಣ ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಬೆರೆಸಿದ ಶಾಯಿ. ಅದರ ಆಮ್ಲವೂ ಕಬ್ಬಿಣವೂ ಸೇರಿ ಕಾಗದವನ್ನು ತಿನ್ನುತ್ತವೆ. ನೀರು ತಗುಲಿದರೆ ಸುತ್ತಲೂ ಹರಡುತ್ತವೆ. ಆಮ್ಲರಹಿತ ಫೋಲ್ಡರಿನಲ್ಲಿ ಮಲಗಿಸಿಡಿ, ತೇವಾಂಶ 50%ರ ಆಸುಪಾಸು ಇರಲಿ.

ಉತ್ತರ 2: ಪತ್ರಗಳಿಗೆ ಚುಚ್ಚಿದ, ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆದರೆ ಹಾಳೆ ಹರಿಯುತ್ತೆ. ಹಾಳೆಯ ಎರಡೂ ಬದಿ, ಸೂಜಿಗೂ ಕಾಗದಕ್ಕೂ ನಡುವೆ, ತೆಳು ಪಾಲಿಯೆಸ್ಟರ್ ಪಟ್ಟಿ ತೂರಿಸಿ ಸಡಿಲಿಸಿ. ಹಾಳೆಗಳಿಗೆ ಸಂಖ್ಯೆ ಹಾಕಲು 2ಬಿ (ಮೆದು) ಪೆನ್ಸಿಲ್, ಪೆನ್ನಲ್ಲ.

ಉತ್ತರ 3: ಮನೆತನದ ಪತ್ರಗಳನ್ನು ತಂದೆಯದು, ಮಗನದು ಅಂತ ವಿಂಗಡಿಸುವ ಆತುರ ಬೇಡ. ಯಾರು ಹೇಗೆ ಕೂಡಿಟ್ಟರು ಅನ್ನೋದಕ್ಕೆ ಕಟ್ಟು ಇದ್ದ ಕ್ರಮವೇ ಸಾಕ್ಷಿ. ರೋಗಿಗಳ ಹೆಸರಿರುವ ಹಾಳೆಗಳನ್ನು, ಗೋಪ್ಯತೆಯ ದೃಷ್ಟಿಯಿಂದ, ಪಟ್ಟಿಯಲ್ಲಿ ಗುರುತಿಸಿ.