ಮೂರನೇ ವರ್ಷದ ಮೆಕ್ಯಾನಿಕಲ್: ಚಾಕಣವೋ, ಹಿಂಜವಡಿಯೋ, ಗೇಟ್ ಪರೀಕ್ಷೆಯೋ?

ಪ್ರಶ್ನೆ: ಮೆಕ್ಯಾನಿಕಲ್ ವಿದ್ಯಾರ್ಥಿ, ಆಕುರ್ಡಿ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿ, ಅಂದರೆ ಟಿ.ಇ.ಯಲ್ಲಿ ಓದುತ್ತಿದ್ದೇನೆ. ನಮ್ಮದು ಮೂಲತಃ ವಿಜಯಪುರ ಜಿಲ್ಲೆ. ತಂದೆಯವರು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದಾರೆ. ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳಲ್ಲಿ ಸಾಫ್ಟ್‌ವೇರ್‌ನವೇ ಹೆಚ್ಚೆಂದು ಕೊನೆಯ ವರ್ಷದವರು ಹೇಳುತ್ತಾರೆ. ನನಗೆ ಮಾತ್ರ ಕೋರ್ ಕಂಪನಿಯಲ್ಲಿಯೇ, ಅಂದರೆ ಯಂತ್ರ, ವಾಹನಗಳ ಕೆಲಸವಿರುವ ಕಂಪನಿಯಲ್ಲಿಯೇ ದುಡಿಯಬೇಕೆಂಬ ಆಸೆಯಿದೆ. ಸಹಪಾಠಿಗಳಲ್ಲಿ ಕೆಲವರು ಎಂ.ಟೆಕ್ ಪ್ರವೇಶಕ್ಕೂ ಸಾರ್ವಜನಿಕ ವಲಯದ ಉದ್ಯೋಗಕ್ಕೂ ಬೇಕಾದ ಗೇಟ್ ಪರೀಕ್ಷೆಯ ಕೋಚಿಂಗ್‌ಗೆ, ಇನ್ನು ಕೆಲವರು ಕಂಪ್ಯೂಟರ್‌ನಲ್ಲಿ ಯಂತ್ರಭಾಗಗಳನ್ನು ವಿನ್ಯಾಸ ಮಾಡುವ ಕ್ಯಾಟಿಯಾ ಸಾಫ್ಟ್‌ವೇರ್‌ನ ತರಗತಿಗೆ ಸೇರಿದ್ದಾರೆ. ಮನೆಯಲ್ಲಿ ತಂಗಿಯೂ ಓದುತ್ತಿರುವುದರಿಂದ ಎರಡಕ್ಕೂ ಶುಲ್ಕ ಕಟ್ಟಲು ನಮ್ಮಿಂದಾಗದು. ಪದವಿ ಮುಗಿಯುವುದರೊಳಗೆ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಲಿ ಎಂದು ತಿಳಿಸಬೇಕಾಗಿ ವಿನಂತಿ.

ಉತ್ತರ: ಟೂಲ್‌ರೂಮ್ ಎಂಜಿನಿಯರ್, ಭೋಸರಿ

ತಮ್ಮಾ, ಕಾರ್ಖಾನೆಯೊಳಗೆ ಯಾವ ಕೆಲಸ ನಿನಗೆ ಬೇಕು ಎಂಬುದನ್ನು ನೀನು ಎಲ್ಲಿಯೂ ಹೇಳಿಲ್ಲ. ಕೋರ್ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವುದರೊಳಗೆ ವಿನ್ಯಾಸ, ಉತ್ಪಾದನೆ, ಗುಣಮಟ್ಟ, ಮೇಂಟೆನೆನ್ಸ್, ಖರೀದಿ ಎಂದು ಹಲವು ಕೆಲಸಗಳಿವೆ. ವಿನ್ಯಾಸ ವಿಭಾಗದವರು ದಿನವಿಡೀ ಕಂಪ್ಯೂಟರ್ ಮುಂದೆ ಕೂರುತ್ತಾರೆ; ಉತ್ಪಾದನೆಯವರಿಗೆ ರಾತ್ರಿ ಪಾಳಿ ತಪ್ಪುವುದಿಲ್ಲ. ನಿನಗೆ ಯಾವುದು ಒಗ್ಗುತ್ತದೆ ಎಂಬುದು ಅಲ್ಲಿ ನಿಂತು ನೋಡಿದಾಗಲೇ ತಿಳಿಯುತ್ತದೆ, ಮತ್ತು ಆಕುರ್ಡಿಯಲ್ಲಿರುವ ನಿನಗೆ ಕಾರ್ಖಾನೆಗಳಿರುವ ಭೋಸರಿ, ಚಾಕಣ, ತಳೇಗಾಂವ್ ಯಾವುದೂ ದೂರವಲ್ಲ. ಬೇಸಿಗೆ ರಜೆಯಲ್ಲಿ ದೊಡ್ಡ ಕಂಪನಿಯ ಪ್ರಮಾಣಪತ್ರಕ್ಕಾಗಿ ಕಾಯುತ್ತ ಕೂರದೆ, ಗೇಜು (ಅಳತೆ ಪರೀಕ್ಷಿಸುವ ಸಾಧನ), ಫಿಕ್ಸ್ಚರ್ (ಕೆಲಸದ ಭಾಗವನ್ನು ಹಿಡಿದಿಡುವ ಸಾಧನ) ಅಥವಾ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ತಯಾರಿಸುವ ಸಣ್ಣ ಘಟಕವೊಂದರಲ್ಲಿ ಐದಾರು ವಾರ ಇರು. ದೊಡ್ಡ ಕಡೆ ತರಬೇತಿಗೆ ಬಂದ ಹುಡುಗರನ್ನು ಸುರಕ್ಷತೆಯ ದೃಷ್ಟಿಯಿಂದ ಯಂತ್ರಗಳ ಹತ್ತಿರ ಬಿಡುವುದು ಕಡಿಮೆ; ಸಣ್ಣ ಘಟಕದಲ್ಲಿ ಉಕ್ಕು ಬಂದಿಳಿಯುವುದರಿಂದ ಹಿಡಿದು ತಯಾರಾದ ಭಾಗ ತಪಾಸಣೆ ಮುಗಿಸಿ ಹೊರಬೀಳುವವರೆಗೆ ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಜಾಗ ಹುಡುಕಲು ನಿನ್ನ ತಂದೆಯವರನ್ನೇ ಮೊದಲು ಕೇಳು. ಫಿಟ್ಟರ್ ಆದವರಿಗೆ ಇರುವಷ್ಟು ಪರಿಚಯ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೂ ಇರುವುದಿಲ್ಲ.

ಇನ್ನು ಕ್ಯಾಟಿಯಾ ವಿಷಯ. ಸಂದರ್ಶನಕ್ಕೆ ಬಂದವರ ಮುಂದೆ ನಾನು ಮೊದಲು ಇಡುವುದು ಕಾಗದದ ಮೇಲಿನ ಒಂದು ಡ್ರಾಯಿಂಗ್. ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂದು ಹೇಳುವ ಗುರುತು ಅದರಲ್ಲಿರುತ್ತದೆ. 25 ಮಿ.ಮೀ. ರಂಧ್ರಕ್ಕೆ ಎಚ್7, ಅದರೊಳಗೆ ಜಾರುವ ಶಾಫ್ಟಿಗೆ ಜಿ6 ಎಂದಿದ್ದರೆ, ರಂಧ್ರ 25.000ರಿಂದ 25.021ರ ಒಳಗೆ, ಶಾಫ್ಟ್ 24.980ರಿಂದ 24.993ರ ಒಳಗೆ ಬರಬೇಕು. ಆಗ ಎರಡರ ನಡುವೆ ಕನಿಷ್ಠ 7, ಗರಿಷ್ಠ 41 ಮೈಕ್ರಾನ್ (ಮಿ.ಮೀ.ಯ ಸಾವಿರದ ಒಂದು ಭಾಗ) ಸಡಿಲ ಉಳಿಯುತ್ತದೆ. ಕೋಷ್ಟಕ ನೋಡಿಯೇ ಈ ಲೆಕ್ಕ ಹಾಕಲಿ, ಅಡ್ಡಿಯಿಲ್ಲ. ಆದರೆ ಆ ರಂಧ್ರವನ್ನು ನಯಗೊಳಿಸಲು ರೀಮರ್ ಉಪಕರಣ ಸಾಕೆ, ಶಾಫ್ಟಿಗೆ ಗ್ರೈಂಡಿಂಗ್ ಬೇಕೆ, ರಂಧ್ರದ ತಪಾಸಣೆಗೆ ಒಳಗೆ ತೂರಿಸಿ ನೋಡುವ ಪ್ಲಗ್ ಗೇಜು ಯಾಕೆ ಎಂದು ವಿವರಿಸಬಲ್ಲ ಹುಡುಗನಿಗೆ ಕ್ಯಾಟಿಯಾ ಕಲಿಯಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಇದು ತಿಳಿಯದೆ ಅದನ್ನು ಕಲಿತವನು ಯಂತ್ರದಲ್ಲಿ ತಯಾರಿಸಲಾಗದ ಭಾಗಗಳನ್ನೇ ಚೆಂದವಾಗಿ ಬಿಡಿಸುತ್ತಾನೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಾರ್ಖಾನೆ ಕಟ್ಟುವ ಮೊದಲು ಮುಂಬೈಯ ವಿಜೆಟಿಐ ತಾಂತ್ರಿಕ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸುವ ಮಾಸ್ತರರಾಗಿದ್ದರು ಎಂಬುದನ್ನು ನಮ್ಮ ಕಡೆಯ ಹುಡುಗರಿಗೆ ನಾನು ಮತ್ತೆ ಮತ್ತೆ ನೆನಪಿಸುತ್ತೇನೆ.

ಉತ್ತರ: ಸಿಮ್ಯುಲೇಷನ್ ಎಂಜಿನಿಯರ್, ಹಿಂಜವಡಿ

ಡ್ರಾಯಿಂಗ್ ಬಗ್ಗೆ ಭೋಸರಿಯ ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಸಾಫ್ಟ್‌ವೇರ್ ಕಂಪನಿಗಳಿರುವ ಹಿಂಜವಡಿಗೆ ಬಂದವರೆಲ್ಲ ಯಂತ್ರಗಳಿಂದ ದೂರವಾದರು ಎಂದು ನೀವು ಭಾವಿಸಬಾರದು. ವಾಹನದ ಚಾಸಿ ಎಲ್ಲಿ ಬಿರುಕು ಬಿಡಬಹುದು, ಡಿಕ್ಕಿಯಾದಾಗ ಅದು ಹೇಗೆ ಮಡಚಿಕೊಳ್ಳುತ್ತದೆ ಎಂಬ ಲೆಕ್ಕಗಳು ಇಲ್ಲಿಯ ಕಂಪ್ಯೂಟರ್‌ಗಳಲ್ಲಿಯೇ ನಡೆಯುತ್ತವೆ. ವಿದ್ಯುತ್ ವಾಹನದ ಬ್ಯಾಟರಿಯನ್ನು ತಂಪಾಗಿಡುವ ಕೆಲಸವಂತೂ ನೀವು ಈಗ ಓದುತ್ತಿರುವ ಹೀಟ್ ಟ್ರಾನ್ಸ್‌ಫರ್ ಪಾಠವೇ. ಲೆಕ್ಕಕ್ಕಾಗಿ ಭಾಗವನ್ನು ಕಂಪ್ಯೂಟರ್‌ನಲ್ಲಿ ಸಣ್ಣ ತುಣುಕುಗಳಾಗಿ ಒಡೆಯುವುದನ್ನು, ಅಂದರೆ ಮೆಶ್ ಹಾಕುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ; ಬಂದ ಉತ್ತರ ನಂಬತಕ್ಕದ್ದೇ ಎಂದು ಕಾಗದದ ಮೇಲೆ ಒಂದು ಸರಳ ಬೀಮ್ ಲೆಕ್ಕ ಮಾಡಿ ಹೇಳುವವರು ನಮಗೆ ಸಿಗುವುದಿಲ್ಲ.

ಆದ್ದರಿಂದ ಸಾಫ್ಟ್‌ವೇರ್ ಕಂಪನಿ ಕ್ಯಾಂಪಸ್‌ಗೆ ಬಂದಾಗ ಹೆಸರು ನೋಡಿ ತಳ್ಳಿಹಾಕಬೇಡಿ. ಎಂಜಿನಿಯರಿಂಗ್ ಸೇವೆಗಳ ವಿಭಾಗಕ್ಕೆ ತೆಗೆದುಕೊಳ್ಳುತ್ತಾರೆಯೇ, ಸೇವಾ ಬಾಂಡ್ ಎಷ್ಟು ಅವಧಿಗೆ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ. ನಿಮ್ಮ ಕಾಲೇಜಿನಲ್ಲಿ ವಾಹನ ತಯಾರಿಕೆಯ ಬಾಹಾ ಸ್ಪರ್ಧೆಗೆ ಹೋಗುವ ತಂಡವಿದ್ದರೆ ಅದಕ್ಕೂ ಸೇರಿ. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಇಂಡಿಯಾ 2007ರಿಂದ ನಡೆಸುತ್ತಿರುವ ಈ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ವೆಲ್ಡಿಂಗ್ ಮಾಡಿಸಿ, ಗಾಡಿ ಓಡಿಸಿ ತೋರಿಸಬೇಕು. ಇಂಥ ತಂಡದಿಂದ ಬಂದವರಿಗೆ ಸಂದರ್ಶನದಲ್ಲಿ ಮಾತಿನ ಕೊರತೆ ಆಗುವುದನ್ನು ನಾನು ಕಂಡಿಲ್ಲ.

ಉತ್ತರ: ಸಾರ್ವಜನಿಕ ವಲಯದ ಉದ್ಯೋಗಿ, ಚೆಂಬೂರು, ಮುಂಬೈ

ಗೇಟ್ ಬಗ್ಗೆ ಮಾತ್ರ ಬರೆಯುತ್ತೇನೆ. ಮೂರನೇ ವರ್ಷದವರೂ ಬರೆಯಬಹುದೆಂಬ ಅವಕಾಶ 2021ರ ಪರೀಕ್ಷೆಯಿಂದ ಬಂದಿದೆ. ಸ್ಕೋರ್ ಮೂರು ವರ್ಷ ಮಾನ್ಯವಾಗಿರುತ್ತದೆ. ಮೂರು ಗಂಟೆಯಲ್ಲಿ 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಜನರಲ್ ಆಪ್ಟಿಟ್ಯೂಡ್‌ಗೆ, 13 ಅಂಕ ಗಣಿತಕ್ಕೆ. ಎಂ.ಟೆಕ್ ಪ್ರವೇಶಕ್ಕೆ ಈ ವರ್ಷದ ಸ್ಕೋರ್ ಮುಂದೆಯೂ ನಡೆಯುತ್ತದೆ, ಆದರೆ ಸಾರ್ವಜನಿಕ ವಲಯದ ಹಲವು ಕಂಪನಿಗಳು ಆಯಾ ವರ್ಷದ ಸ್ಕೋರನ್ನೇ ಕೇಳುವುದರಿಂದ, ಉದ್ಯೋಗದ ಆಸೆಯಿರುವವರು ಕೊನೆಯ ವರ್ಷದಲ್ಲಿ ಮತ್ತೆ ಬರೆಯಬೇಕಾಗುತ್ತದೆ. ಕೋಚಿಂಗ್‌ಗೆ ಹಣ ಕಟ್ಟುವ ಮೊದಲು ಎನ್‌ಪಿಟಿಇಎಲ್‌ನ ಪಾಠಗಳನ್ನು ನೋಡಿ. ಐಐಟಿ ಪ್ರಾಧ್ಯಾಪಕರ ಉಪನ್ಯಾಸಗಳು ಅಲ್ಲಿ ಉಚಿತವಾಗಿಯೇ ಸಿಗುತ್ತವೆ. ಥರ್ಮೋಡೈನಾಮಿಕ್ಸ್, ಸ್ಟ್ರೆಂತ್ ಆಫ್ ಮಟೀರಿಯಲ್ಸ್, ಉತ್ಪಾದನಾ ವಿಧಾನಗಳು ಹೇಗೂ ನಿಮ್ಮ ಸೆಮಿಸ್ಟರ್ ಪರೀಕ್ಷೆಗೂ ಬೇಕು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದ ಮೇಲೂ ಒಂದು ವಿಷಯ ಬಗ್ಗದಿದ್ದರೆ ಆಗ ಕೋಚಿಂಗ್ ಬಗ್ಗೆ ಯೋಚಿಸಬಹುದು.

ಮರುಪ್ರಶ್ನೆ: ಮೆಕ್ಯಾನಿಕಲ್ ವಿದ್ಯಾರ್ಥಿ, ಆಕುರ್ಡಿ

ಮೂವರಿಗೂ ಕೃತಜ್ಞತೆಗಳು. ತಂದೆಯವರ ಜೊತೆ ಮಾತನಾಡಿದೆ. ಅವರ ಪರಿಚಯದ ಗೇಜ್ ಘಟಕದವರು ರಜೆಯಲ್ಲಿ ಬರಲು ಒಪ್ಪಿದ್ದಾರೆ. ಕ್ಯಾಟಿಯಾ ತರಗತಿಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಇನ್ನೊಂದು ಸಂಶಯವಿದೆ. ಕ್ಯಾಂಪಸ್‌ನಲ್ಲಿ ಕೋರ್ ಕೆಲಸ ಸಿಗದಿದ್ದರೆ, ಪದವಿ ಮುಗಿಸಿದವನು ಅಪ್ರೆಂಟಿಸ್ ಆಗಿ ಸೇರುವುದು ಹಿನ್ನಡೆಯಾಗುತ್ತದೆಯೇ?

ಉತ್ತರ: ಟೂಲ್‌ರೂಮ್ ಎಂಜಿನಿಯರ್, ಭೋಸರಿ

ಆಗುವುದಿಲ್ಲ, ತಮ್ಮಾ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಒಂದು ವರ್ಷದ ತರಬೇತಿಯ ವ್ಯವಸ್ಥೆಯಿದೆ. ಸ್ಟೈಪೆಂಡ್ ಕೊಡುತ್ತಾರೆ, ಮುಗಿದ ಮೇಲೆ ಸರ್ಕಾರದ ಪ್ರಮಾಣಪತ್ರವೂ ಸಿಗುತ್ತದೆ. ನಮ್ಮ ಪಶ್ಚಿಮ ವಲಯದ ಅಪ್ರೆಂಟಿಸ್ ತರಬೇತಿ ಬೋರ್ಡ್ ಮುಂಬೈಯಲ್ಲಿದೆ, ನೋಂದಣಿ ಆನ್‌ಲೈನ್‌ನಲ್ಲಿ ಆಗುತ್ತದೆ. ಆದರೆ ವರ್ಷ ತುಂಬಿದ ಮೇಲೆ ಅದೇ ಕಂಪನಿಯಲ್ಲಿ ಕೆಲಸ ಸಿಗುತ್ತದೆಂಬ ಖಾತರಿಯಿಲ್ಲ, ಹೀಗಾಗಿ ಒಂಬತ್ತನೇ ತಿಂಗಳಿನಿಂದಲೇ ಬೇರೆ ಕಡೆಗೂ ಅರ್ಜಿ ಹಾಕುತ್ತಿರಬೇಕು. ಸೇರುವ ಮುನ್ನ ಯಾವ ಯಾವ ವಿಭಾಗಗಳಲ್ಲಿ ಎಷ್ಟು ತಿಂಗಳು ಇರಿಸುತ್ತಾರೆ ಎಂದು ಬರಹದಲ್ಲಿ ಕೇಳು. ಗುಣಮಟ್ಟ, ಉತ್ಪಾದನಾ ಯೋಜನೆ, ಮೇಂಟೆನೆನ್ಸ್ ಹೀಗೆ ಸರದಿಯ ಮೇಲೆ ತಿರುಗಿಸುವ ಕಡೆ ಸ್ಟೈಪೆಂಡ್ ಸ್ವಲ್ಪ ಕಡಿಮೆಯಿದ್ದರೂ ಹೋಗು; ವರ್ಷಪೂರ್ತಿ ಅಸೆಂಬ್ಲಿ ಲೈನಿನ ಒಂದೇ ಜಾಗದಲ್ಲಿ ನಿಲ್ಲಿಸುವ ಕಡೆ ಸೇರಬೇಡ.