ಅಪ್‌ಡೇಟ್: ಮಕ್ಕಳ ನಾಟಕದ ಸಂಶೋಧಕರು ಸಿಕ್ಕರು

ಮಕ್ಕಳ ನಾಟಕದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ಹೊರದೇಶದಲ್ಲಿ ಇದೇ ಕೆಲಸ ಮಾಡುವವರನ್ನು ಹುಡುಕುವುದು ಹೇಗೆ ಅಂತ ಕೇಳಿದ್ದೆನಲ್ಲ? ನೀವು ಹೇಳಿದ ಆಸಿಟೆಜ್ ನೋಡಿದೆ. ಅದು ಮಕ್ಕಳು, ಯುವಜನರ ರಂಗಭೂಮಿಗಾಗಿ 1965ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಘಟನೆ. ಭಾರತದಲ್ಲೂ ಕೇಂದ್ರವಿದೆ. ಅದರ ಸಂಶೋಧಕರ ಬಳಗ ಇಟ್ಯಾರ್ನ್. ಅಲ್ಲಿನ ಕೆಲವರಿಗೆ ಮೇಲ್ ಹಾಕಿದೆ, ಉತ್ತರವೂ ಬಂತು.

ಆದರೆ ಒಂದು ಎಡವಟ್ಟು. ನಾನು ಬರೆದದ್ದೆಲ್ಲ ಮೈಸೂರು ರಂಗಾಯಣದ ಚಿಣ್ಣರ ಮೇಳದ ಬಗ್ಗೆ, ಅಂದರೆ ಮಕ್ಕಳೇ ಆಡುವ ನಾಟಕ. ಅವರು ಜಾಸ್ತಿ ನೋಡುವುದು ದೊಡ್ಡವರು ಮಕ್ಕಳಿಗಾಗಿ ಆಡುವ ನಾಟಕ. ನಮ್ಮಲ್ಲಿ ಎರಡಕ್ಕೂ ‘ಮಕ್ಕಳ ನಾಟಕ’ ಅಂತಲೇ ಹೆಸರು, ಅಲ್ವಾ? ಈಗ ಆ ಗೊಂದಲವನ್ನೇ ಪ್ರಬಂಧದ ವಿಷಯ ಮಾಡಿಕೊಂಡಿದ್ದೇನೆ! ಸದ್ಯ ನಾಲ್ಕು ಜನ ಆನ್‌ಲೈನ್‌ನಲ್ಲಿ ಸೇರುತ್ತೇವೆ. ಎಲ್ಲರಿಗೂ ಹೊಂದುವ ಗಂಟೆ ಹುಡುಕುವುದೇ ದೊಡ್ಡ ತಲೆನೋವು.